ಅಕ್ಕ ಬರೆಸಿದ ಸಾಲು

ಅಮೆರಿಕಕ್ಕೆ ವಲಸೆಹೋದ ಐರಿಷ್ ಪೂರ್ವಿಕನೊಬ್ಬನ ಮೂಲವನ್ನು ಅರಸಹೊರಟವರಿಗೆ ಅಲ್ಲಿಯ ಹಳೆಯ ಜನಗಣತಿಯಲ್ಲಿ ಸಾಮಾನ್ಯವಾಗಿ ದೊರೆಯುವುದು ಒಂದೇ ಮಾತು: ಹುಟ್ಟಿದ್ದು ಐರ್ಲೆಂಡಿನಲ್ಲಿ. ಅಷ್ಟರಿಂದ ಏನೂ ಸಾಗದು. ಆತನ ಚರ್ಚಿನ ಪ್ಯಾರಿಷ್ ಯಾವುದೆಂದಾದರೂ ತಿಳಿಯಬೇಕು. ‘ಟೌನ್‌ಲ್ಯಾಂಡ್’ ಎಂಬ ಕಿರುಗ್ರಾಮದ ಹೆಸರೇ ಸಿಕ್ಕಿದರೆ ಭಾಗ್ಯ. ಅಂಥವು 60,000ಕ್ಕೂ ಮಿಕ್ಕಿವೆ!

1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಫ್ತರಖಾನೆ ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳಲ್ಲಿ ಉಳಿದದ್ದು ಚೂರುಪಾರು. ಬೆಂಕಿಯೊಂದನ್ನೇ ದೂರುವುದು ನ್ಯಾಯವಲ್ಲ. ಮುಂದಿನ ನಾಲ್ಕನ್ನು ಸರಕಾರವೇ ನಾಶಮಾಡಿಸಿತ್ತು. ಕ್ಯಾಥೊಲಿಕ್ ಪಾದ್ರಿಗಳ ಬಳಿಯಿದ್ದ ಜ್ಞಾನಸ್ನಾನದ ಪುಸ್ತಕಗಳು ಉಳಿದುಕೊಂಡವು. ಆದರೆ ಯಾವ ಪ್ಯಾರಿಷ್ಷಿನ ಪುಸ್ತಕವನ್ನು ತೆರೆಯುವುದು?

ಇಲ್ಲಿ ಕೈಹಿಡಿಯುವುದು ಒಂದು ವಾರಪತ್ರಿಕೆ. ಬಾಸ್ಟನ್ನಿನ ‘ಪೈಲಟ್’ 1831ರಿಂದ 1921ರವರೆಗೆ, ಕಾಣೆಯಾದವರನ್ನು ಹುಡುಕುವ ಬಂಧುಗಳ ಪ್ರಕಟಣೆಗಳನ್ನು ಅಚ್ಚುಹಾಕಿತು. 1845ರಲ್ಲಿ ತೊಡಗಿದ ಮಹಾಕ್ಷಾಮ ಎಷ್ಟೋ ಸಂಸಾರಗಳನ್ನು ಚೆದುರಿಸಿತ್ತು. ಹೆಂಡತಿ ಗಂಡನಿಗಾಗಿ, ಅಕ್ಕ ತಮ್ಮನಿಗಾಗಿ ಬರೆಸಿದ ಸಾಲುಗಳವು. ಆತ ಯಾವ ಕೌಂಟಿಯವನು, ಯಾವ ಪ್ಯಾರಿಷ್ಷಿನವನು, ಎಂದು ಹಡಗಿಳಿದನು, ಕೊನೆಯದಾಗಿ ಎಲ್ಲಿ ಕೂಲಿಮಾಡುತ್ತಿದ್ದನು ಎಂಬುದೆಲ್ಲ ಅಲ್ಲಿ ಎಷ್ಟೋ ಬಾರಿ ಸಿಗುತ್ತದೆ. ಗಣತಿಯ ಗುಮಾಸ್ತನು ‘ಐರ್ಲೆಂಡ್’ ಎಂದಷ್ಟೇ ಬರೆದು ಮುಂದಿನ ಮನೆಗೆ ನಡೆದನು. ಅಕ್ಕನಿಗೆ ಅಷ್ಟು ಸಾಲದು. ಊರ ಹೆಸರು ಬಿಟ್ಟರೆ ಅದೇ ಹೆಸರಿನ ಇನ್ನಾರೋ ಓಗೊಟ್ಟಾರು.