ಲಾರಿಯ ನೆರಳು



ಇವತ್ತು ನಾವು ಲಾರಿಯ ಬಗ್ಗೆ ಮಾತಾಡೋಣ. "ನಾವೇನು ಲಾರಿ ಓಡಿಸ್ತೀವೇನ್ರಿ ಟೀಚರ?" ಅಂತ ನೀವು ನಗಬಹುದು. ಓಡಿಸೋದಿಲ್ಲ, ಖರೆ. ಆದರೆ ದಿನವಿಡೀ ಲಾರಿಯ ಸುತ್ತ ಇರುವವರು ನೀವೇ. ರಾಯಚೂರಿನ ಗಂಜಿನಲ್ಲಿ ಮಾಲು ಇಳಿಯುವಾಗ ನೀವು ಇರ್ತೀರಿ. ಮಾನ್ವಿಯ ರೈಸ್‌ಮಿಲ್ಲಿನಲ್ಲಿ ನೆಲ್ಲಿನ ಚೀಲ ಇಳಿಯುವಾಗ ಉದುರಿದ ಕಾಳು ಬಳಿಯುವವರು ನೀವು. ದೇವದುರ್ಗದ ಕಡೆ ಹತ್ತಿ ಬಿಡಿಸಿ, ತುಂಬಿ, ಗಾಡಿಗೆ ಏರಿಸುವ ಹೊತ್ತಿಗೂ ಹೆಣ್ಣುಮಕ್ಕಳೇ ಮುಂದೆ. ಲಾರಿ ಓಡಿಸುವವನು ಒಬ್ಬ. ಅದರ ಸುತ್ತ ದುಡಿಯುವವರು ಹತ್ತು ಮಂದಿ.

ಒಂದು ದಿನ ನಮ್ಮ ಕಲಿಕಾ ಕೇಂದ್ರದ ಹತ್ತಿರ ಆರು ಗಾಲಿಯ ಲಾರಿಯೊಂದು ನಿಂತಿತ್ತು. ಇಂಜಿನ್ ಬಂದ್ ಆಗಿತ್ತು. ಚಾವಿ ಡ್ರೈವರಣ್ಣನ ಕೈಯಲ್ಲಿತ್ತು. ಅವನನ್ನು ಕೇಳಿಕೊಂಡು ನಾವು ಒಬ್ಬೊಬ್ಬರೇ ಅವನ ಸೀಟಿನಲ್ಲಿ ಕೂತು ನೋಡಿದೆವು. ಆರು ಜನ ಲಾರಿಯ ಹಿಂದೆ ಸಾಲಾಗಿ ನಿಂತರು. ಕನ್ನಡಿಯಲ್ಲಿ ಒಬ್ಬರೂ ಕಾಣಲಿಲ್ಲ! "ಅಯ್ಯ ಶಿವನೆ, ಎಲ್ಲಿ ಹೋದ್ರವ್ವ ಎಲ್ಲಾರೂ?" ಅಂದಳು ಸೀಟಿನಲ್ಲಿದ್ದ ಅಜ್ಜಿ. ಆಮೇಲೆ ಒಬ್ಬಾಕೆ ಲಾರಿಯ ಮುಂದೆಯೇ ಬಗ್ಗಿ ಕಸ ಗುಡಿಸಿದಳು. ಆಕೆಯೂ ಕಾಣಲಿಲ್ಲ. ಎಡಗಡೆ ಬಾಗಿಲಿನ ಕೆಳಗೆ ನಿಂತವಳೂ ಕಾಣಲಿಲ್ಲ.

ಅವತ್ತು ನಮಗೆ ಒಂದು ಮಾತು ಗೊತ್ತಾಯಿತು. ಡ್ರೈವರ್ ನೋಡುವುದಿಲ್ಲ ಅಂತ ನಾವು ಬೈತೀವಿ. ಎಷ್ಟೋ ಸಲ ಅವನಿಗೆ ಕಾಣುವುದೇ ಇಲ್ಲ. ಅದಕ್ಕೆ ನೀವು ಕನ್ನಡಿ ನೋಡಿರಿ. ಅದರಲ್ಲಿ ಡ್ರೈವರನ ಮುಖ ಕಾಣದಿದ್ದರೆ ಅವನಿಗೆ ನೀವೂ ಕಾಣುತ್ತಿಲ್ಲ ಅಂತ ತಿಳಿಯಿರಿ. ಅಲ್ಲಿಂದ ಸರಿಯಿರಿ.

ಇನ್ನು ನೆರಳಿನ ಮಾತು. ನಮ್ಮ ರಾಯಚೂರಿನ ಬಿಸಿಲು ನಿಮಗೆ ಹೇಳಬೇಕೇನು? ಬ್ಯಾಸಗಿಯಲ್ಲಿ 40 ಡಿಗ್ರಿ ದಾಟುತ್ತದೆ. ಮಿಲ್ಲಿನ ಅಂಗಳದಲ್ಲಿ ಗಿಡ ಇರೋದಿಲ್ಲ. ಲಾರಿಗಳು ಪಾಳಿಗಾಗಿ ತಾಸುಗಟ್ಟಲೆ ನಿಂತಿರುತ್ತವೆ. ಇರುವ ನೆರಳು ಅದೊಂದೇ. ಬುತ್ತಿ ಉಣ್ಣುವುದು ಅಲ್ಲೇ, ಅಡ್ಡಾಗುವುದು ಅಲ್ಲೇ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ತಂಗಿಯ ಮಾತು ಕೇಳಿರಿ. ಅವಳ ಹೆಸರು ಬೇಡ, ಮಿಲ್ಲಿನ ಹೆಸರೂ ಬೇಡ. ಅವಳು ತನ್ನ ಕೂಸಿಗೆ ಲಾರಿಯ ಕೆಳಗೆ ಸೀರೆಯ ಜೋಲಿ ಕಟ್ಟಿದ್ದಳು. ಕೂಸು ನಿದ್ದೆ ಹೋಗಿತ್ತು. ಅವಳು ತೌಡಿನ ಚೀಲ ಹಿಡಿಯಲು ಒಳಗೆ ಹೋದಳು. ಡ್ರೈವರ್ ಚಾ ಕುಡಿದು ಬಂದ, ಹತ್ತಿದ, ಇಂಜಿನ್ ಚಾಲೂ ಮಾಡಿದ. ಕಾಳು ಬಳಿಯುತ್ತಿದ್ದ ಒಬ್ಬ ಮುದುಕಿಗೆ ಗಾಲಿಯ ಹಿಂದೆ ಕೆಂಪು ಸೀರೆಯ ಸೆರಗು ಕಂಡಿತು. ಆಕೆ ಓಡಿ ಹೋಗಿ ಬಾಗಿಲಿಗೆ ಎರಡೂ ಕೈಯಿಂದ ಬಡಿದಳು. ಲಾರಿ ನಿಂತಿತು. ಕೂಸಿಗೆ ಏನೂ ಆಗಲಿಲ್ಲ. ಆದರೆ ಅವತ್ತು ರಾತ್ರಿ ಆ ತಂಗಿ ಪಾಟಿ ಹಿಡಿದು ಸುಮ್ಮನೆ ಕೂತಿದ್ದಳು. ಒಂದು ಅಕ್ಷರವನ್ನೂ ಬರೆಯಲಿಲ್ಲ. ನಾವೂ ಬರೆ ಅನ್ನಲಿಲ್ಲ.

ತಪ್ಪು ಯಾರದು? ತಾಯಿಯದು ಅಂತ ಅಂದವರು ಬಹಳ ಮಂದಿ. ನಾವು ಹಾಗೆ ಅನ್ನುವುದಿಲ್ಲ. ನೆರಳು ಇದ್ದಿದ್ದರೆ ಅವಳು ಯಾಕೆ ಅಲ್ಲಿ ಜೋಲಿ ಕಟ್ಟುತ್ತಿದ್ದಳು? ಎಂಟು ಹೆಣ್ಣುಮಕ್ಕಳು ಕೂಡಿ ಹೋಗಿ ಮಾಲೀಕರನ್ನು ಕೇಳಿದರು. ಗೋಡೆಗೆ ಒಂದು ತಾಡಪತ್ರಿ ಕಟ್ಟಿಸಿಕೊಟ್ಟರು. ಅದಕ್ಕೆ ಎಷ್ಟು ಖರ್ಚಾದೀತು ಹೇಳಿರಿ?

ನೀವೂ ಕೇಳಿರಿ. ನೆರಳು ಸಿಗುವ ತನಕ ಒಂದು ಕಟ್ಟಳೆ ಮಾಡಿಕೊಳ್ಳಿರಿ. ಲಾರಿ ಅಲುಗಾಡುವ ಮುಂಚೆ ಕ್ಲೀನರ್ ಕೆಳಗಿಳಿದು ಒಂದು ಸುತ್ತು ಬರಬೇಕು. ಬಗ್ಗಿ ಗಾಲಿಗಳ ನಡುವೆ ನೋಡಬೇಕು. ನಿಮ್ಮ ಗುಂಪಿನಲ್ಲಿ ಒಬ್ಬಾಕೆ ತಲೆ ಎಣಿಸಬೇಕು. ಬಂದವರು 11 ಇದ್ದರೆ ಕಣ್ಣ ಮುಂದೆ 11 ಇರಬೇಕು. ಮಕ್ಕಳನ್ನು ಬೇರೆ ಎಣಿಸಿರಿ. ಎಣಿಕೆ ಕಲಿತಿದ್ದೀರಲ್ಲ, ಇಲ್ಲಿ ಬಳಸಿರಿ. ಎಣಿಕೆ ಸರಿಯಾದ ಮೇಲೆಯೇ "ರೈಟ್" ಅನ್ನಬೇಕು.

ಲಾರಿ ಹಿಂದಕ್ಕೆ ಬರುವಾಗ ಎಲ್ಲರೂ ಕೂಗಬಾರದು. ಒಬ್ಬ "ಬರ್ಲಿ ಬರ್ಲಿ" ಅಂತಾನೆ, ಇನ್ನೊಬ್ಬ "ಹೋಲ್ಡಾನ್" ಅಂತಾನೆ. ಡ್ರೈವರ್ ಯಾರ ಮಾತು ಕೇಳಬೇಕು? ಒಬ್ಬನೇ ಸನ್ನೆ ಮಾಡಬೇಕು. ಅವನು ಕನ್ನಡಿಯಲ್ಲಿ ಕಾಣುವಂತೆ ಪಕ್ಕಕ್ಕೆ ನಿಲ್ಲಬೇಕು, ಲಾರಿಯ ಬೆನ್ನಿಗೆ ಅಲ್ಲ. ಅವನು ಕಾಣದಿದ್ದರೆ ಡ್ರೈವರ್ ಲಾರಿ ನಿಲ್ಲಿಸಬೇಕು. ಗಂಜಿಗೆ ಆಂಧ್ರ, ತೆಲಂಗಾಣದ ಲಾರಿಗಳೂ ಬರುತ್ತವೆ. ಡ್ರೈವರನಿಗೆ ಕನ್ನಡ ತಿಳಿಯದಿರಬಹುದು. ಅಂಗೈ ಎತ್ತಿ ತೋರಿಸಿದರೆ ಎಲ್ಲ ಭಾಷೆಯವರಿಗೂ ಅರ್ಥ ಆಗುತ್ತದೆ. ಹೊಸ ಲಾರಿಗಳು ಹಿಂದೆ ಬರುವಾಗ ಪೀಂ ಪೀಂ ಅನ್ನುತ್ತವೆ. ಮಿಲ್ಲಿನ ಸಪ್ಪಳದಲ್ಲಿ ಅದನ್ನೇ ನಂಬಬೇಡಿರಿ.

"ನಿಧಾನ ಬರ್ತದಲ್ರಿ, ಸರದ್ರಾಯ್ತು" ಅಂತೀರಿ. ತುಂಬಿದ ಆರು ಗಾಲಿ ಲಾರಿ 18 ಟನ್ ತೂಗಬಹುದು. ಅಂದರೆ 75 ಕೆ.ಜಿ.ಯ 240 ನೆಲ್ಲಿನ ಚೀಲದ ಭಾರ. ಲಾರಿಗೂ ಗೋಡೆಗೂ ನಡುವೆ ಸಿಕ್ಕರೆ ಸರಿಯಲು ಜಾಗ ಎಲ್ಲಿ?

ಮಾಲು ಇಳಿಸುವಾಗ ಇಂಜಿನ್ ಬಂದ್ ಇರಬೇಕು, ಹ್ಯಾಂಡ್ ಬ್ರೇಕ್ ಹಾಕಿರಬೇಕು, ಗಾಲಿಗೆ ಮರದ ತುಂಡು ಕೊಟ್ಟಿರಬೇಕು. ಹಿಂದಿನ ಹಲಗೆ ತೆಗೆಯುವಾಗ ಎದುರಿಗೆ ನಿಲ್ಲಬೇಡಿರಿ. ದಾರಿಯಲ್ಲಿ ಕುಲುಕಿ ಚೀಲಗಳು ಅದಕ್ಕೇ ಆತುಕೊಂಡಿರುತ್ತವೆ.

ಕೆಲಸ ಮುಗಿದ ಮೇಲೆ ಮಾಲಿನ ಮೇಲೆ ಕೂತು ಊರಿಗೆ ಹೋಗುತ್ತೀರಿ. ಬಸ್ಸು ಇಲ್ಲ, ಕತ್ತಲಾಗುತ್ತದೆ, ನಮಗೂ ಗೊತ್ತು. ಆದರೂ ಕೇಳಿರಿ. 2025ರ ಜನವರಿ 22ರಂದು ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕೆ ಉರುಳಿತು. ಅದರಲ್ಲಿ ತರಕಾರಿಯೂ ಇತ್ತು, ವ್ಯಾಪಾರಿಗಳೂ ಇದ್ದರು. 10 ಜನ ಸತ್ತರು. ಇನ್ನೊಂದು ಮಾತು. ಮಾಲಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಮಂದಿಗೆ ವಿಮೆ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ. ಕೂಲಿ ಮಾತಾಡುವಾಗಲೇ ಹೋಗಿಬರುವ ಗಾಡಿಯ ಮಾತನ್ನೂ ಆಡಿರಿ.

ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೇಳುವ ಹಕ್ಕು ಕೂಲಿಕಾರರಿಗೆ 1923ರಿಂದಲೂ ಕಾನೂನಿನಲ್ಲಿದೆ. ಆದರೆ ನೀವು ಅವತ್ತು ಕೆಲಸಕ್ಕೆ ಬಂದಿದ್ದಿರಿ ಅನ್ನುವುದಕ್ಕೆ ಗುರುತು ಬೇಕು. ಹಾಜರಿ ಪುಸ್ತಕದಲ್ಲಿ ಹೆಸರು ಇದೆಯೇ, ನೀವೇ ಓದಿ ನೋಡಿರಿ. ಇನ್ನು ಹೆಬ್ಬೆಟ್ಟು ಒತ್ತಬೇಡಿರಿ, ಸಹಿ ಮಾಡಿರಿ. ಯಾರಿಗಾದರೂ ಪೆಟ್ಟಾದರೆ ಮೊದಲು 108ಕ್ಕೆ ಫೋನ್ ಮಾಡಿರಿ. ಆಮೇಲೆ ಲಾರಿಯ ನಂಬರು ಬರೆದುಕೊಳ್ಳಿರಿ. ನಮ್ಮ ರಾಯಚೂರಿನ ಗಾಡಿಗಳ ನಂಬರು ಕೆಎ 36 ಅಂತ ಶುರುವಾಗುತ್ತದೆ.

ನಾಳೆ ಕೆಲಸಕ್ಕೆ ಹೋದಾಗ ನೀವು ಮಾಲು ಇಳಿಸಿದ ಲಾರಿಯ ನಂಬರು ಓದಿ, ಚೀಟಿಯಲ್ಲಿ ಬರೆದು ತನ್ನಿರಿ. ಅಂಗಳದಲ್ಲಿ ತಾಡಪತ್ರಿ ಕಟ್ಟಲು ಜಾಗ ಎಲ್ಲಿದೆ, ಅದನ್ನೂ ನೋಡಿಕೊಂಡು ಬನ್ನಿರಿ. ಮಾಲೀಕರಿಗೆ ಕೊಡುವ ಅರ್ಜಿಯನ್ನು ರಾತ್ರಿ ಎಲ್ಲರೂ ಕೂಡಿ ಬರೆಯೋಣ.