ಬೆನ್ನಿನ ನರದ ನೋವು, ಮೆಡಿಕಲ್ ಬೋರ್ಡಿನ ಒಂದು ಸಾಲು

ಮಾಜಿ ಸೈನಿಕರ ಈ ಸಭೆಯಲ್ಲಿ ಕ್ಯಾಂಟೀನು, ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಔಷಧಿ, ನಿವೇಶನದ ಮಾತುಗಳು ನಿರ್ಣಯಗಳಲ್ಲಿ ಬರಲಿವೆ. ನನ್ನ ಪಾಲಿನ ಸಮಯವನ್ನು ಒಂದೇ ವಿಷಯಕ್ಕೆ ಮೀಸಲಿಡುತ್ತೇನೆ. ಬೆನ್ನಿನ ನರ ಒತ್ತಿ ನರಳುವ ಸೈನಿಕನಿಗೆ ಡಿಸೆಬಿಲಿಟಿ ಪೆನ್ಷನ್ ಏಕೆ ಇಷ್ಟು ದುರ್ಲಭ?

ಗುಂಡೇಟು ತಿಂದವನಿಗೆ ದಿನಾಂಕ, ಜಾಗ, ಸಾಕ್ಷಿ ಎಲ್ಲವೂ ಇರುತ್ತವೆ. ಸೊಂಟದ ಡಿಸ್ಕ್ ಹಾಗೆ ಒಂದು ದಿನದಲ್ಲಿ ಹಾಳಾಗುವುದಿಲ್ಲ. ಮದ್ದುಗುಂಡಿನ ಪೆಟ್ಟಿಗೆ ಹೊತ್ತು, ಘಟ್ಟದ ದಾರಿಯಲ್ಲಿ ಲಾರಿ ಓಡಿಸಿ, ಸೇತುವೆಯ ಬಿಡಿಭಾಗ ಎತ್ತಿ, ಹೆಲಿಕಾಪ್ಟರಿನ ನಡುಕದಲ್ಲಿ ಗಂಟೆಗಟ್ಟಲೆ ಕೂತು ಅದು ವರ್ಷಗಳ ಕಾಲ ಸವೆಯುತ್ತದೆ. ಕೊನೆಗೆ ಹೊರಚಾಚಿ ನರದ ಬೇರನ್ನು ಒತ್ತಿದಾಗ ನೋವು ಪೃಷ್ಠದಿಂದ ಪಾದದವರೆಗೆ ಇಳಿಯುತ್ತದೆ, ಹೆಬ್ಬೆರಳು ಜೋಮುಗಟ್ಟುತ್ತದೆ. ಆ ಹೊತ್ತಿಗೆ ಅವನು ಗಡಿಯಲ್ಲಿ ಇರುವುದಿಲ್ಲ, ಪೀಸ್ ಸ್ಟೇಷನ್‌ನಲ್ಲಿ ಇರುತ್ತಾನೆ. ನಿವೃತ್ತಿಯ ವೇಳೆ ಪರೀಕ್ಷಿಸುವ ರಿಲೀಸ್ ಮೆಡಿಕಲ್ ಬೋರ್ಡು ಅದನ್ನೇ ಹಿಡಿದುಕೊಂಡು ಒಂದು ಸಾಲು ಬರೆಯುತ್ತದೆ: ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ. 2023ರ ಹೊಸ ನಿಯಮಾವಳಿಗೆ ಮೊದಲು, ಹಳೆಯ ನಿಯಮಗಳಡಿ ನಿವೃತ್ತನಾದವನಿಗೆ ಶೇ. 20ರಷ್ಟು ವೈಕಲ್ಯ ಒಪ್ಪಿತವಾದರೆ, ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪಿನಂತೆ ಅದು ಶೇ. 50ಕ್ಕೆ ಏರಿ, ಕೊನೆಯ ಸಂಬಳದ ಶೇ. 15ರಷ್ಟು ಹಣ ಬರಬೇಕು. ಆ ಒಂದು ಸಾಲು ಬಿದ್ದರೆ ಬರುವುದು ಸೊನ್ನೆ. ಹನ್ನೆರಡು ಗಂಟೆ ಕಾರ್ಖಾನೆಯ ಗೇಟಿನಲ್ಲಿ ನಿಂತು ಸೆಕ್ಯುರಿಟಿ ಕೆಲಸ ಮಾಡುವ ಮಾಜಿ ಸೈನಿಕನಿಗೆ ಆ ಶೇ. 15 ಎಂದರೆ ಏನು ಎಂಬುದನ್ನು ಪೀಣ್ಯದ ಕೈಗಾರಿಕಾ ಪ್ರದೇಶದಿಂದ ಬಂದವರಿಗೆ ನಾನು ಹೇಳಬೇಕಿಲ್ಲ.

ಕಾನೂನು ನಮ್ಮ ವಿರುದ್ಧ ಇದೆಯೇ? ಇಲ್ಲ. 1982ರ ಅರ್ಹತಾ ನಿಯಮಗಳು ಸಾಬೀತಿನ ಹೊರೆಯನ್ನು ಸೈನಿಕನ ಮೇಲೆ ಹೊರಿಸಲಿಲ್ಲ. 2008ರ ನಿಯಮಗಳು ಬಿಗಿಯಾದವು, ಆದರೂ ಸಾಮಾನ್ಯವಾಗಿ ಅರ್ಜಿದಾರನನ್ನು ಸಾಬೀತು ಕೇಳಬಾರದು ಎಂಬುದನ್ನು ಉಳಿಸಿಕೊಂಡವು. ಭರ್ತಿಯಾಗುವಾಗ ದಾಖಲಾಗದ ಕಾಯಿಲೆಯ ಬಗ್ಗೆ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸೈನಿಕನ ಪರ ತೀರ್ಪಿತ್ತಿತು. ಬೋರ್ಡು ಕಾರಣಗಳನ್ನು ಬರೆಯಲೇಬೇಕೆಂದು 2025ರ ಮೇ ತಿಂಗಳಲ್ಲಿ ರಾಜುಮೋನ್ ಪ್ರಕರಣದಲ್ಲಿ ಮತ್ತೆ ಹೇಳಿತು. ಹೀಗಿದ್ದೂ ಪ್ರತಿಯೊಬ್ಬನೂ ಒಂಟಿಯಾಗಿ, ಹೊಸದಾಗಿ ಹೋರಾಡಬೇಕು. ಕರ್ನಾಟಕ ಬರುವುದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಗೆ. ಮದ್ರಾಸ್ ಸ್ಯಾಪರ್ಸ್, ಎಎಸ್‌ಸಿ ಸೆಂಟರ್, ಜಾಲಹಳ್ಳಿಯ ವಾಯುನೆಲೆ ಎಲ್ಲವೂ ಇರುವ ಬೆಂಗಳೂರಿಗೆ ತನ್ನದೇ ಪೀಠ ಇಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನ್ನಿಂದ ಇಂದಿಗೂ ಆಗಿಲ್ಲ. ಸಾಲದ್ದಕ್ಕೆ 2023ರ ಸೆಪ್ಟೆಂಬರ್ 21ರಿಂದ ಅರ್ಹತೆಯ ಮತ್ತೊಂದು ನಿಯಮಾವಳಿ ಬಂದಿದೆ.

ಬೆನ್ನುನೋವು ವೈಟ್‌ಫೀಲ್ಡಿನ ಐಟಿ ನೌಕರನಿಗೂ ಇದೆಯಲ್ಲ ಎನ್ನುತ್ತಾರೆ. ಇರಲಿ. ಅವನು ಕುರ್ಚಿ ಬದಲಿಸಬಹುದು, ರಜೆ ಹಾಕಬಹುದು; ಸೈನಿಕನಿಗೆ ಬರುವುದು ಆಜ್ಞೆ. ಕಾಯಿಲೆ ಸೇವೆಯಿಂದಲೇ ಹುಟ್ಟಬೇಕೆಂದು ನಿಯಮವೂ ಹೇಳುವುದಿಲ್ಲ, ಸೇವೆಯಿಂದ ಹೆಚ್ಚಾಗಿದ್ದರೂ ಸಾಕು. ನೋವಿಲ್ಲದವರ ಎಂಆರ್‌ಐಯಲ್ಲೂ ಡಿಸ್ಕ್ ಉಬ್ಬಿರುತ್ತದೆ ಎಂಬ ವೈದ್ಯರ ಮಾತು ನಿಜ. ಹಾಗಾದರೆ ಚಿತ್ರವನ್ನಷ್ಟೇ ನೋಡದೆ ಕಾಲೆತ್ತಿಸಿ ನೋಡಿ, ಹಿಮ್ಮಡಿಯ ಪ್ರತಿಕ್ರಿಯೆ ಪರೀಕ್ಷಿಸಿ, ನರವಹನ ಪರೀಕ್ಷೆ ಮಾಡಿಸಿ. ಡಿಸೆಬಿಲಿಟಿ ಪೆನ್ಷನ್ ಪಡೆಯುವವರ ಪ್ರಮಾಣದ ಬಗ್ಗೆ ಸಿಎಜಿ ಎತ್ತಿದ ಪ್ರಶ್ನೆಗೂ ಇದೇ ಉತ್ತರ: ಸುಳ್ಳು ಹೇಳಿದವನನ್ನು ಪರೀಕ್ಷೆಯಿಂದ ಹಿಡಿಯಿರಿ, ಎಲ್ಲರನ್ನೂ ಅನುಮಾನದಿಂದ ಕಾಣಬೇಡಿ.

ನಮ್ಮೊಳಗಿನ ಒಂದು ಹಳೆಯ ಜಗಳವನ್ನೂ ಹೇಳಿಬಿಡುತ್ತೇನೆ. ಸಮಾನ ಹುದ್ದೆ ಸಮಾನ ಪಿಂಚಣಿಯ ಹೋರಾಟದ ಕಾಲದಲ್ಲಿ ಡಿಸೆಬಿಲಿಟಿ ವಿಷಯ ಎತ್ತಿದವರಿಗೆ, ಒಗ್ಗಟ್ಟು ಒಡೆಯಬೇಡಿ, ಆಮೇಲೆ ನೋಡೋಣ ಎಂದರು. ಸಮಾನ ಪಿಂಚಣಿಯ ಆದೇಶ 2015ರ ನವೆಂಬರಿನಲ್ಲೇ ಬಂತು. ಆ ‘ಆಮೇಲೆ’ ಇನ್ನೂ ಬಂದಿಲ್ಲ. ಹಾಗೆ ಹೇಳಿದವರು ಈ ಸಭೆಯಲ್ಲೂ ಇದ್ದಾರೆ, ಇಂದು ಜೊತೆಗೆ ನಿಲ್ಲಲಿ.

ನಮ್ಮ ಬೇಡಿಕೆ ಇಷ್ಟು. ವಾರ್ಷಿಕ ವೈದ್ಯಕೀಯ ತಪಾಸಣೆಯಲ್ಲಿ ಸೈನಿಕ ಹೊತ್ತ ಭಾರ, ಓಡಿಸಿದ ವಾಹನದ ವಿವರ ದಾಖಲಾಗಬೇಕು. ಅಮೆರಿಕದಲ್ಲಿ ಮಾಜಿ ಸೈನಿಕನ ವೈಕಲ್ಯ ಅಳೆಯುವಾಗ ಬೆನ್ನುಮೂಳೆಗೆ ಒಂದು ಅಂಕ, ಕಾಲಿಗಿಳಿದ ಸಯಾಟಿಕ್ ನರಕ್ಕೆ ಬೇರೆಯೇ ಅಂಕ. ನರ ಪೂರ್ತಿ ನಿಷ್ಕ್ರಿಯವಾದರೆ ಶೇ. 80. ಇಲ್ಲೂ ನರವನ್ನು ಬೇರೆಯಾಗಿ ಅಳೆಯಲಿ. ಬೆಂಗಳೂರಿಗೆ ನ್ಯಾಯಮಂಡಳಿಯ ಖಾಯಂ ಪೀಠ ಬರಲಿ. ಬೋರ್ಡಿನಲ್ಲಿ ನಿಮ್ಹಾನ್ಸ್‌ನ ನರತಜ್ಞರೊಬ್ಬರು ಕೂರಲಿ, ಜವಾನನ ಮಾತನ್ನು ಕನ್ನಡದಲ್ಲೇ ಕೇಳುವವರು ಇರಲಿ. ಇವೆಲ್ಲ ಬೇಗ ಆಗುತ್ತವೆಂದು ನಾನು ಹೇಳಲಾರೆ, ಆದರೂ ಕೇಳುತ್ತಲೇ ಇರಬೇಕು.

ಇನ್ನೂ ಸೇವೆಯಲ್ಲಿರುವ ನಿಮ್ಮ ತಮ್ಮಂದಿರಿಗೆ, ಮಕ್ಕಳಿಗೆ ಇಷ್ಟು ತಿಳಿಸಿ: ಬೆನ್ನು ನೋವೆಂದ ದಿನವೇ ಘಟಕದ ಚಿಕಿತ್ಸಾ ಕೊಠಡಿಯಾದ ಎಂಐ ರೂಮಿನಲ್ಲಿ ಬರೆಸಬೇಕು, ಬೋರ್ಡಿನ ವರದಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಅರ್ಜಿ ತಿರಸ್ಕಾರವಾದರೆ ಮೊದಲ ಅಪೀಲಿಗೆ ಇರುವುದು ಆರು ತಿಂಗಳು.