ಗ್ರೀನ್ ಕಾರ್ಡಿಗೆ ಯಾರ ಸಹಿ?

"ಹುಡುಗ ಅಮೆರಿಕನ್ ಸಿಟಿಜನ್ ಅಂತೆ." ಸಂಬಂಧ ಕುದುರಿಸುವಾಗ ಈ ಒಂದು ಮಾತು ಬಂದರೆ ಸಾಕು, ಹುಡುಗಿಯ ಗ್ರೀನ್ ಕಾರ್ಡ್ ಆಗಲೇ ಕೈಗೆ ಬಂದ ಹಾಗೆ ಎಂದು ಮನೆಯವರು ನಿಶ್ಚಿಂತರಾಗುತ್ತಾರೆ. ಓದಲು ಹೋಗಿ, ಅಲ್ಲಿಯ ಪ್ರಜೆಯೊಬ್ಬಳನ್ನು ಮೆಚ್ಚಿ ಮದುವೆಯಾದ ನಮ್ಮ ಹುಡುಗರ ಎಣಿಕೆಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಕಾನೂನಿನ ಲೆಕ್ಕ ಬೇರೆ. ಮದುವೆಯಿಂದ ಸಿಗುವುದು ಅರ್ಜಿ ಹಾಕುವ ಅರ್ಹತೆ ಮಾತ್ರ. ಅಲ್ಲಿಂದ ಮುಂದೆ ಒಂದಾದ ಮೇಲೊಂದು ಕಾಗದ. ಕೆಲವಕ್ಕೆ ಪ್ರಜೆಯಾಗಿರುವ ಸಂಗಾತಿಯ ಸಹಿ ಬೇಕು, ಕೆಲವಕ್ಕೆ ವಲಸೆ ಬಂದವರ ಸಹಿ, ಒಂದಕ್ಕೆ ಇಬ್ಬರದೂ. ಯಾವ ಕಾಗದ ಯಾರದು ಎಂದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲನೆಯದು ಐ-130. ಇದು ಸಂಗಾತಿಯ ಅರ್ಜಿ. "ಈಕೆ ನನ್ನ ಹೆಂಡತಿ" ಅಥವಾ "ಈತ ನನ್ನ ಗಂಡ" ಎಂದು ಅಮೆರಿಕದ ಪ್ರಜೆ ವಲಸೆ ಇಲಾಖೆಗೆ, ಅಂದರೆ ಯುಎಸ್‌ಸಿಐಎಸ್‌ಗೆ, ಬರೆದುಕೊಡುವ ಕಾಗದ. ಇದು ಮಂಜೂರಾಯಿತೆಂದರೆ ಸಂಬಂಧ ನಿಜವೆಂದು ಇಲಾಖೆ ಒಪ್ಪಿತು, ಅಷ್ಟೆ. ಅಲ್ಲಿ ಉಳಿಯುವ ಹಕ್ಕಾಗಲಿ ದುಡಿಯುವ ಹಕ್ಕಾಗಲಿ ಅದರಿಂದ ಬರುವುದಿಲ್ಲ. ಎರಡನೆಯದು ಐ-485. ಇದು ವಲಸೆ ಬಂದವರ ಸ್ವಂತ ಅರ್ಜಿ. "ನನ್ನನ್ನು ಕಾಯಂ ನಿವಾಸಿ ಮಾಡಿಕೊಳ್ಳಿ" ಎಂದು ಕೇಳುವುದು ಇದರಲ್ಲಿ. ಪ್ರಜೆಯ ಗಂಡ ಅಥವಾ ಹೆಂಡತಿಗೆ ವೀಸಾ ಸಂಖ್ಯೆಗಾಗಿ ಸರದಿ ಕಾಯುವ ಪ್ರಮೇಯವಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೇ ಸಲ್ಲಿಸಬಹುದು. ಸಂಗಾತಿ ಪ್ರಜೆಯಲ್ಲ, ಬರೀ ಗ್ರೀನ್ ಕಾರ್ಡ್ ಉಳ್ಳ ಕಾಯಂ ನಿವಾಸಿ ಎಂದಾದರೆ ಸಾಲು ಬೇರೆ. ಅಲ್ಲಿ ವಾರ್ಷಿಕ ಮಿತಿ ಇದೆ, ಕಾಯಬೇಕಾಗಬಹುದು, ಕಾಯುವಷ್ಟು ಕಾಲವೂ ತಮ್ಮ ವೀಸಾದ ಅವಧಿಯನ್ನು ಕಾಪಾಡಿಕೊಳ್ಳಬೇಕು.

ಐ-485 ಅಮೆರಿಕದ ಒಳಗಿರುವವರಿಗೆ. ಅದಕ್ಕೊಂದು ಮೂಲ ಷರತ್ತಿದೆ. ವಿಮಾನ ನಿಲ್ದಾಣದಲ್ಲೋ ಗಡಿಯಲ್ಲೋ ಅಧಿಕಾರಿಯ ತಪಾಸಣೆಗೆ ಒಳಗಾಗಿ ಒಳಗೆ ಬಂದಿರಬೇಕು. ಹಾಗೆ ಬಂದು ವೀಸಾ ಅವಧಿ ಮೀರಿದ್ದರೂ ಪ್ರಜೆಯ ಸಂಗಾತಿಗೆ ಒಳಗಿದ್ದೇ ಅರ್ಜಿ ಹಾಕಲು ಕಾನೂನು ಅವಕಾಶ ಕೊಡುತ್ತದೆ. ಆದರೆ ಅವಧಿ ಮೀರಿದವರು ದೇಶ ಬಿಟ್ಟು ಹೊರಟರೋ, ಆಗ ಕಷ್ಟ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದಿದ್ದರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಹತ್ತು ವರ್ಷ ಮರಳಿ ಬರುವಂತಿಲ್ಲ. ಇದು 1996ರ ಕಾನೂನು. ಇನ್ನೊಂದು ಬಲೆ ಪ್ರವಾಸಿ ವೀಸಾದ್ದು. ಮದುವೆಯಾಗಿ ಅಲ್ಲೇ ನೆಲೆಸುವ ಉದ್ದೇಶವನ್ನು ಮುಚ್ಚಿಟ್ಟು, "ಊರು ನೋಡಲು ಬಂದೆ" ಎಂದು ಹೇಳಿ ಒಳಬಂದರೆ ಅದು ಸುಳ್ಳು ಹೇಳಿಕೆ. ಆ ಕಳಂಕ ಕಡತದಿಂದ ಸುಲಭಕ್ಕೆ ಹೋಗುವುದಿಲ್ಲ.

ಮದುವೆ ಊರಲ್ಲಾಗಿ ಹುಡುಗಿ ಇನ್ನೂ ಊರಲ್ಲೇ ಇದ್ದರೆ ದಾರಿ ಬೇರೆ. ಐ-130 ಮಂಜೂರಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಡಿಎಸ್-260 ಎಂಬ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕು. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ತರಬೇಕು, ಕಾನ್ಸುಲೇಟ್ ಗೊತ್ತುಪಡಿಸಿದ ವೈದ್ಯರಲ್ಲಿ ತಪಾಸಣೆ ಮಾಡಿಸಬೇಕು. ಭಾರತದಿಂದ ಹೊರಡುವವರ ವಲಸೆ ವೀಸಾ ಸಂದರ್ಶನ ಸಾಮಾನ್ಯವಾಗಿ ಮುಂಬಯಿಯಲ್ಲಿ ನಡೆಯುತ್ತದೆ. ಆ ವೀಸಾದೊಂದಿಗೆ ಅಮೆರಿಕದಲ್ಲಿ ಕಾಲಿಟ್ಟ ದಿನದಿಂದಲೇ ಆಕೆ ಕಾಯಂ ನಿವಾಸಿ. ಕಾರ್ಡು ಆಮೇಲೆ ಅಂಚೆಯಲ್ಲಿ ಬರುತ್ತದೆ.

ಯಾವ ದಾರಿ ಹಿಡಿದರೂ ನಮ್ಮವರು ಎಡವುವುದು ಊರಿನ ಕಾಗದಗಳಲ್ಲಿ. ಛತ್ರದಲ್ಲಿ ಸಾವಿರ ಜನರೆದುರು ಧಾರೆ ಎರೆದಿದ್ದರೂ ಲಗ್ನಪತ್ರಿಕೆ ದಾಖಲೆಯಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ ಪಡೆದ ವಿವಾಹ ಪ್ರಮಾಣಪತ್ರ ಬೇಕು. ಗಂಡ ರಜೆ ಮುಗಿಸಿ ವಿಮಾನ ಹತ್ತುವ ಮೊದಲೇ ಇದನ್ನು ಮಾಡಿಸಿಕೊಳ್ಳುವುದು ಲೇಸು. ಹಿಂದೆ ಒಂದು ಮದುವೆಯಾಗಿದ್ದರೆ ಅದು ಮುಗಿದದ್ದಕ್ಕೆ ನ್ಯಾಯಾಲಯದ ಡಿಕ್ರಿಯೋ ಮರಣ ಪ್ರಮಾಣಪತ್ರವೋ ಇರಲೇಬೇಕು. ಜನನ ನೋಂದಣಿಯೇ ಆಗಿಲ್ಲವೆಂದರೆ, ದಾಖಲೆ ಲಭ್ಯವಿಲ್ಲ ಎಂಬ ಪತ್ರವನ್ನು ನೋಂದಣಿ ಕಚೇರಿಯಿಂದ ಪಡೆದು, ಶಾಲೆಯ ದಾಖಲೆಯನ್ನೂ ಹುಟ್ಟನ್ನು ಬಲ್ಲ ಹಿರಿಯರ ಅಫಿಡವಿಟ್‌ಗಳನ್ನೂ ಜೊತೆಗಿಡಬೇಕು. ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ ಎಂದು ಅನುವಾದಕರು ಕೆಳಗೆ ಸಹಿ ಮಾಡಬೇಕು.

ಎಲ್ಲಕ್ಕಿಂತ ದೊಡ್ಡ ತಲೆನೋವು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಮದುವೆಯ ಪ್ರಮಾಣಪತ್ರದಲ್ಲಿ ಹೆಸರಿನ ಜೊತೆ ಗಂಡನ ಹೆಸರು. ವೀಸಾ ಅಚ್ಚಾಗುವಾಗ ಇರುವ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು' ಎಂಬ ಮೂರಕ್ಷರ ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಆಮೇಲೆ ಬ್ಯಾಂಕಿನಲ್ಲೂ ಡ್ರೈವಿಂಗ್ ಲೈಸೆನ್ಸಿನಲ್ಲೂ ಅದೇ ಹೆಸರಾಗಿ ನಿಲ್ಲುತ್ತದೆ. ಸಾಧ್ಯವಾದರೆ ಅರ್ಜಿಗೆ ಮೊದಲೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಹಿಂದೆ ಬಳಸಿದ ಎಲ್ಲ ಹೆಸರುಗಳಿಗೂ ಅರ್ಜಿಯಲ್ಲಿ ಪ್ರತ್ಯೇಕ ಜಾಗವಿದೆ. ಇನಿಷಿಯಲ್ ಸಮೇತ ಒಂದನ್ನೂ ಬಿಡದೆ ಬರೆಯಿರಿ.

ಇನ್ನು ಸಂಗಾತಿ ಸಹಿ ಹಾಕಬೇಕಾದ ಎರಡನೆಯ ಕಾಗದ, ಐ-864. ಜೀವನಾಧಾರದ ಮುಚ್ಚಳಿಕೆ ಎನ್ನಬಹುದು. ಬಡತನ ರೇಖೆಯ ಶೇಕಡಾ 125ರಷ್ಟು ಆದಾಯ ತನಗಿದೆ ಎಂದು ಪ್ರಜೆ ತೋರಿಸಬೇಕು. 2025ರ ಲೆಕ್ಕದಲ್ಲಿ ಇಬ್ಬರ ಸಂಸಾರಕ್ಕೆ ಇದು ವರ್ಷಕ್ಕೆ ಸುಮಾರು 26,400 ಡಾಲರ್. ಅಷ್ಟಿಲ್ಲದಿದ್ದರೆ ಅಲ್ಲಿ ನೆಲೆಸಿರುವ ಇನ್ನೊಬ್ಬ ಪ್ರಜೆ ಅಥವಾ ಕಾಯಂ ನಿವಾಸಿ ಜಾಮೀನು ನಿಲ್ಲಬಹುದು. ಅಣ್ಣನೋ ಗೆಳೆಯನೋ "ಒಂದು ಸಹಿ ತಾನೆ" ಎಂದು ಹಾಕಿಬಿಡುವ ಕಾಗದ ಇದಲ್ಲ. ಬಂದವರು ಪ್ರಜೆಯಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ ಆ ಹೊಣೆ ಉಳಿಯುತ್ತದೆ. ವಿಚ್ಛೇದನವಾದರೂ ಅದು ಕಳಚಿಕೊಳ್ಳುವುದಿಲ್ಲ. ಕೋರ್ಟಿನಲ್ಲಿ ಜಾರಿಮಾಡಿಸಬಹುದಾದ ಕರಾರು ಅದು.

ಅಮೆರಿಕದ ಒಳಗಿಂದ ಅರ್ಜಿ ಹಾಕುವವರು ಈ ಎಲ್ಲವನ್ನೂ ಒಟ್ಟುಗೂಡಿಸಿ ಕಳಿಸಬೇಕು. ದೊಡ್ಡವರ ಐ-485 ಶುಲ್ಕವನ್ನು 2024ರ ಏಪ್ರಿಲ್ 1ರಿಂದ 1,440 ಡಾಲರ್ ಮಾಡಿದರು. ಐ-130ಕ್ಕೆ ಬೇರೆ ಶುಲ್ಕ. ಶುಲ್ಕವೂ ನಮೂನೆಯ ಆವೃತ್ತಿಯೂ ಬದಲಾಗುತ್ತಲೇ ಇರುತ್ತವೆ, ಹಳೆಯ ನಮೂನೆಯಲ್ಲಿ ಕಳಿಸಿದ ಅರ್ಜಿ ವಾಪಸು ಬರುತ್ತದೆ. ಹಾಗಾಗಿ ಕಳಿಸುವ ದಿನವೇ ಇಲಾಖೆಯ ಜಾಲತಾಣ ನೋಡಿಕೊಳ್ಳಿ. ಇಲಾಖೆ ಮಾನ್ಯ ಮಾಡಿದ ವೈದ್ಯರ ತಪಾಸಣಾ ವರದಿಯನ್ನು 2024ರ ಡಿಸೆಂಬರಿನಿಂದ ಅರ್ಜಿಯ ಜೊತೆಯಲ್ಲೇ ಲಗತ್ತಿಸಬೇಕು. ವೈದ್ಯರು ಮುಚ್ಚಿ ಕೊಡುವ ಅದರ ಲಕೋಟೆಯನ್ನು ಕುತೂಹಲಕ್ಕೆಂದು ಒಡೆಯಬೇಡಿ, ಒಡೆದದ್ದು ನಡೆಯುವುದಿಲ್ಲ.

ಅರ್ಜಿ ತಲುಪಿತೆಂಬ ರಸೀದಿ ಬರುತ್ತದೆ, ಆಮೇಲೆ ಬೆರಳಚ್ಚಿಗೆ ಕರೆ. ಇದೇ ಹೊತ್ತಿಗೆ ಕೆಲಸದ ಪರವಾನಗಿಗೂ ಪ್ರಯಾಣದ ಅನುಮತಿಗೂ ಅರ್ಜಿ ಹಾಕಬಹುದು. ಪ್ರಯಾಣದ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಊರಲ್ಲಿ ಅಪ್ಪನಿಗೆ ಹುಷಾರಿಲ್ಲ ಎಂದು ಫೋನು ಬರುತ್ತದೆ, ಕೈಗೆ ಸಿಕ್ಕ ಬಟ್ಟೆ ತುಂಬಿಕೊಂಡು ಹೊರಟುಬಿಡುತ್ತೇವೆ. ವಿದ್ಯಾರ್ಥಿ ವೀಸಾದಲ್ಲೋ ಪ್ರವಾಸಿ ವೀಸಾದಲ್ಲೋ ಬಂದವರು ಅಡ್ವಾನ್ಸ್ ಪೆರೋಲ್ ಎಂಬ ಅನುಮತಿಪತ್ರ ಕೈಸೇರುವ ಮೊದಲೇ ಹೀಗೆ ಹೊರಟರೆ, ಅರ್ಜಿಯನ್ನು ಕೈಬಿಟ್ಟರೆಂದೇ ಲೆಕ್ಕ. ಎಚ್-1ಬಿ, ಎಚ್-4, ಎಲ್ ವೀಸಾಗಳಲ್ಲಿ ಊರ್ಜಿತವಾಗಿರುವವರಿಗೆ ಇದರಿಂದ ವಿನಾಯಿತಿ ಇದೆ.

ಸಂದರ್ಶನದಲ್ಲಿ ಗಂಡ ಹೆಂಡತಿ ಇಬ್ಬರೂ ಕೂರಬೇಕು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದ ಮೇಲೆಯೇ ಅಧಿಕಾರಿ ಮಾತಿಗೆ ತೊಡಗುವುದು. ಪರಿಚಯ ಹೇಗಾಯಿತು, ಮದುವೆಗೆ ಯಾರು ಯಾರು ಬಂದಿದ್ದರು, ಮನೆ ಬಾಡಿಗೆ ಯಾರ ಖಾತೆಯಿಂದ ಹೋಗುತ್ತದೆ, ಬೆಳಿಗ್ಗೆ ಮೊದಲು ಏಳುವವರು ಯಾರು ಎಂಬಂಥ ಪ್ರಶ್ನೆಗಳು. ಸಂಶಯ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅದೇ ಪ್ರಶ್ನೆ ಕೇಳುವುದೂ ಉಂಟು. ಇಲ್ಲಿ ನಮ್ಮವರದೊಂದು ವಿಚಿತ್ರ ಪೇಚು. ಆಲ್ಬಮ್ಮಿನಲ್ಲಿ ನಿಶ್ಚಿತಾರ್ಥದಿಂದ ಬೀಗರೂಟದವರೆಗೆ ನೂರಾರು ಫೋಟೊ ಇರುತ್ತವೆ, ಇಬ್ಬರ ಹೆಸರೂ ಒಟ್ಟಿಗಿರುವ ಒಂದು ಕಾಗದ ಇರುವುದಿಲ್ಲ. ಅತ್ತೆ ಮಾವನ ಮನೆಯಲ್ಲಿ ವಾಸ, ಕರೆಂಟ್ ಬಿಲ್ಲು ಮಾವನ ಹೆಸರಲ್ಲಿ, ಬ್ಯಾಂಕ್ ಖಾತೆ ಗಂಡನೊಬ್ಬನದು. ಫೋಟೊ ಮದುವೆ ನಡೆಯಿತು ಎನ್ನುತ್ತದೆ. ಸಂಸಾರ ನಡೆಯುತ್ತಿದೆಯೇ ಎಂಬುದು ಅಧಿಕಾರಿಯ ಪ್ರಶ್ನೆ. ಹಾಗಾಗಿ ಮೊದಲ ತಿಂಗಳಿಂದಲೇ ಜಂಟಿ ಖಾತೆ ತೆರೆಯಿರಿ. ಆರೋಗ್ಯ ವಿಮೆಯಲ್ಲಿ ಹೆಸರು ಸೇರಿಸಿ, ಜೀವವಿಮೆಗೆ ನಾಮಿನಿ ಮಾಡಿ, ತೆರಿಗೆಯನ್ನು ಒಟ್ಟಿಗೆ ಸಲ್ಲಿಸಿ. ಒಟ್ಟು ಕುಟುಂಬವಾದರೆ ಮನೆಯ ಯಜಮಾನರ ಅಫಿಡವಿಟ್ ಇರಲಿ, ಆ ವಿಳಾಸಕ್ಕೆ ನಿಮ್ಮ ಹೆಸರಲ್ಲಿ ಬಂದ ಪತ್ರಗಳನ್ನೂ ತೆಗೆದಿಡಿ.

ಕಾಗದಕ್ಕಾಗಿ ಮಾಡಿಕೊಂಡ ಮದುವೆಗೆ ಶಿಕ್ಷೆ ಕಠಿಣ. ಐದು ವರ್ಷದವರೆಗೆ ಸೆರೆ, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಮುಂದೆ ನಿಜವಾದ ಮದುವೆಯಾದರೂ ಐ-130ರ ಬಾಗಿಲು ಮುಚ್ಚಿರುತ್ತದೆ.

ಎಲ್ಲ ಸರಿಹೋಗಿ ಕಾರ್ಡು ಬಂತು ಎನ್ನೋಣ. ಅದರ ಮೇಲಿನ ಅವಧಿಯನ್ನು ನೋಡಿ. ಕಾಯಂ ನಿವಾಸಿಯಾದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡೇ ವರ್ಷದ, ಷರತ್ತಿನ ಕಾರ್ಡು. ಮೋಸದ ಮದುವೆಗಳನ್ನು ತಡೆಯಲೆಂದು 1986ರಲ್ಲಿ ತಂದ ಕಾನೂನು ಇದು. ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ಐ-751 ಸಲ್ಲಿಸಬೇಕು. ನಾನು ಮೊದಲು ಹೇಳಿದ, ಇಬ್ಬರೂ ಸಹಿ ಹಾಕಬೇಕಾದ ಕಾಗದ ಇದೇ. ಮರೆತರೆ ನಿವಾಸಿಯ ಸ್ಥಾನವೇ ಹೋಗುತ್ತದೆ. ಕಾರ್ಡು ಕೈಗೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಆ ಹೊತ್ತಿಗೆ ಸಂಸಾರ ಮುರಿದಿದ್ದರೆ? "ನಾನು ಸಹಿ ಹಾಕದಿದ್ದರೆ ನೀನು ಊರಿಗೆ ಹೊರಡಬೇಕು" ಎಂಬ ಬೆದರಿಕೆಯಲ್ಲಿ ದಿನ ದೂಡುವವರಿದ್ದಾರೆ. ಆ ಮಾತು ಪೂರ್ತಿ ನಿಜವಲ್ಲ. ಮದುವೆ ಪ್ರಾಮಾಣಿಕವಾಗಿಯೇ ನಡೆದಿತ್ತು ಎಂದು ತೋರಿಸಬಲ್ಲವರು ವಿಚ್ಛೇದನವಾದ ಮೇಲೆ ಐ-751ಕ್ಕೆ ಒಬ್ಬರೇ ಸಹಿ ಹಾಕಬಹುದು. ಸಂಗಾತಿ ತೀರಿಕೊಂಡಿದ್ದರೂ, ಹೊಡೆತ ಬಡಿತ, ಕ್ರೌರ್ಯ ಇದ್ದರೂ ಹಾಗೆಯೇ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಮನೆಯಲ್ಲಿ ಹಿಂಸೆಯಾಗುತ್ತಿದೆ ಎಂದಾದರೆ, 1994ರ ಮಹಿಳಾ ದೌರ್ಜನ್ಯ ತಡೆ ಕಾನೂನಿನಡಿ ಪ್ರಜೆಯ ಅಥವಾ ಕಾಯಂ ನಿವಾಸಿಯ ಸಂಗಾತಿ ತಾನೇ ಐ-360 ಅರ್ಜಿ ಹಾಕಬಹುದು. ಹಿಂಸೆ ಕೊಟ್ಟವರಿಗೆ ಇಲಾಖೆ ಅದನ್ನು ತಿಳಿಸುವುದಿಲ್ಲ. ಕಾನೂನಿನ ಹೆಸರಿನಲ್ಲಿ ಮಹಿಳೆ ಎಂದಿದ್ದರೂ ಗಂಡಸರಿಗೂ ಇದು ಅನ್ವಯಿಸುತ್ತದೆ. ಕೌಟುಂಬಿಕ ಹಿಂಸೆಗೆ ಅಲ್ಲಿ ಹಗಲೂ ರಾತ್ರಿಯೂ ಸಿಗುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1-800-799-7233.

ಕಾಯಂ ನಿವಾಸಿಯಾದ ಮೇಲೆ ಮನೆ ಬದಲಿಸಿದರೆ ಹತ್ತು ದಿನದೊಳಗೆ ಇಲಾಖೆಗೆ ತಿಳಿಸಬೇಕು. ಮತ ಹಾಕುವ ಹಕ್ಕು ಇನ್ನೂ ಬಂದಿಲ್ಲ. ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ "ಮತದಾರರ ಪಟ್ಟಿಗೂ ಸೇರಿಸೋಣವೇ" ಎಂದು ಕೇಳುತ್ತಾರೆ, ಬೇಡ ಎನ್ನಿ. ಪ್ರಜೆಯ ಜೊತೆ ಸಂಸಾರ ಮಾಡಿಕೊಂಡೇ ಮೂರು ವರ್ಷ ಕಾಯಂ ನಿವಾಸಿಯಾಗಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಉಳಿದವರಿಗೆ ಐದು ವರ್ಷ.

ಕೊನೆಗೆ, ಹೊಸದಾಗಿ ಮದುವೆಯಾದವರಿಗೆ ಎರಡು ಮಾತು. ಪ್ರತಿ ಅರ್ಜಿಯ, ಪ್ರತಿ ರಸೀದಿಯ ಒಂದು ನಕಲು ನಿಮ್ಮ ಸ್ವಂತ ಇಮೇಲಿನಲ್ಲಿ ಇರಲಿ. ಪಾಸ್‌ಪೋರ್ಟು ನಿಮ್ಮ ಕೈಯಲ್ಲೇ ಇರಲಿ. ಸಂಗಾತಿ ಎಷ್ಟೇ ಒಳ್ಳೆಯವರಾದರೂ ಇದನ್ನು ಅಪನಂಬಿಕೆ ಎಂದುಕೊಳ್ಳಬೇಕಾಗಿಲ್ಲ, ಅರ್ಜಿ ನಿಮ್ಮದು. ಎರಡನೆಯದು, "ಇಲ್ಲೊಂದು ಸಹಿ ಹಾಕು, ಉಳಿದದ್ದು ನಾನು ತುಂಬುತ್ತೇನೆ" ಎಂದು ಯಾರೇ ಹೇಳಿದರೂ ಖಾಲಿ ನಮೂನೆಗೆ ಸಹಿ ಬೇಡ. ಅದರಲ್ಲಿ ಸುಳ್ಳಿದ್ದರೆ ಪ್ರಮಾಣ ಮಾಡಿ ಹೇಳಿದ ಸುಳ್ಳೆಂದೇ ಲೆಕ್ಕ, ಉತ್ತರ ಕೊಡಬೇಕಾದವರು ನೀವು. ಹಳೆಯ ಪೊಲೀಸ್ ಕೇಸು, ತಿರಸ್ಕೃತ ವೀಸಾ, ಅವಧಿ ಮೀರಿದ ವಾಸ, ಇವುಗಳಲ್ಲಿ ಒಂದಿದ್ದರೂ ಏಜೆಂಟರನ್ನು ನಂಬದೆ, ಪರವಾನಗಿ ಇರುವ ವಲಸೆ ವಕೀಲರನ್ನು ಕಂಡು, ಆಮೇಲೆ ಅರ್ಜಿ ಹಾಕಿ.